ಮರೆಗುಳಿತನದ ಜೈವಿಕ ಪ್ರಕ್ರಿಯೆಗಳು

ಮರೆಗುಳಿತನ ಅಥವಾ ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಮಿದುಳಿನ ಹಲವು ಬಗೆಯ ಕಾಯಿಲೆಗಳಿಂದ ಉಂಟಾಗುವ ಲಕ್ಷಣಗಳ ಸಮೂಹಕ್ಕೆ ಇಟ್ಟಿರುವ ಹೆಸರು. ನೆನಪು, ಭಾಷೆ, ವಿವೇಚನೆ, ಸ್ಥಳ ಹಾಗೂ ಕಾಲದ ಅರಿವು, ನಡವಳಿಕೆ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಶಕ್ತಿಗಳು ಕ್ರಮೇಣ ಕುಂದಿ, ವ್ಯಕ್ತಿಯು ತನ್ನ ದಿನನಿತ್ಯದ ಕೆಲಸಗಳನ್ನು ಸ್ವತಂತ್ರವಾಗಿ ಮಾಡಿಕೊಳ್ಳಲಾಗದ ಸ್ಥಿತಿಯನ್ನು ಈ ಹೆಸರಿನಿಂದ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 5.7 ಕೋಟಿ ಜನರು ಮರೆಗುಳಿತನಕ್ಕೆ ಒಳಗಾಗಿದ್ದರು. ಒಟ್ಟು ಪ್ರಕರಣಗಳಲ್ಲಿ ಶೇಕಡ 60ರಿಂದ 70ರಷ್ಟಕ್ಕೆ ಆಲ್ಝೈಮರ್ ಕಾಯಿಲೆಯೇ ಕಾರಣ. ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆಗುಳಿತನವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ.

ಮರೆಗುಳಿತನದ ಹಿಂದೆ ಮಿದುಳಿನ ಕೋಶಗಳಲ್ಲಿ ನಡೆಯುವ ಭೌತಿಕ ಹಾಗೂ ರಾಸಾಯನಿಕ ಬದಲಾವಣೆಗಳಿವೆ. ಮಿದುಳಿನ ಯಾವ ಭಾಗ ಹಾನಿಗೊಳ್ಳುತ್ತದೆಯೋ ಆ ಭಾಗ ನಿರ್ವಹಿಸುತ್ತಿದ್ದ ಶಕ್ತಿ ನಷ್ಟವಾಗುತ್ತದೆ. ರೋಗಿಯ ಮಾತು ಮತ್ತು ವರ್ತನೆಗಳು ಬದಲಾಗುವ ಕ್ರಮವನ್ನು ಅರಿಯಲು ಈ ತತ್ತ್ವವೇ ಆಧಾರ.

ಮುಪ್ಪು ಮತ್ತು ಮರೆಗುಳಿತನ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ವಯಸ್ಸಾದವರು ಮರೆಯುವುದು, ಹೇಳಿದ್ದನ್ನೇ ಹೇಳುವುದು ಸಹಜವೆಂಬ ಭಾವನೆ ಈ ಗಾದೆಯ ಹಿಂದಿದೆ. ವಯಸ್ಸಾದಂತೆ ನೆನಪಿನ ವೇಗ ಸ್ವಲ್ಪ ತಗ್ಗುವುದು ಸಹಜವೇ. ಪರಿಚಿತರ ಹೆಸರು ತಕ್ಷಣ ನಾಲಗೆಗೆ ಬಾರದಿರುವುದು, ಕನ್ನಡಕವನ್ನು ಎಲ್ಲಿಟ್ಟೆವೆಂಬುದನ್ನು ಮರೆತು ಬಳಿಕ ನೆನಪಿಸಿಕೊಳ್ಳುವುದು ಕಾಯಿಲೆಯ ಲಕ್ಷಣಗಳಲ್ಲ. ಆದರೆ ಹಲವು ವರ್ಷ ಓಡಾಡಿದ ಬೀದಿಯಲ್ಲಿ ದಾರಿ ತಪ್ಪುವುದು, ಕೆಲವೇ ನಿಮಿಷಗಳ ಹಿಂದೆ ಕೇಳಿದ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ರೂಢಿಯ ಅಡುಗೆಯ ಕ್ರಮ ತಪ್ಪುವುದು, ಹಣದ ಲೆಕ್ಕ ತಿಳಿಯದಂತಾಗುವುದು ಮುಪ್ಪಿನ ಸಹಜ ಲಕ್ಷಣಗಳಲ್ಲ. ವಯಸ್ಸು ಮರೆಗುಳಿತನದ ಅತಿ ದೊಡ್ಡ ಅಪಾಯಕಾರಿ ಅಂಶವಾಗಿದ್ದರೂ ಮುಪ್ಪೇ ಮರೆಗುಳಿತನವಲ್ಲ. ತೊಂಬತ್ತು ದಾಟಿಯೂ ಚುರುಕು ಬುದ್ಧಿಯಿರುವವರಿದ್ದಾರೆ. ಐವತ್ತರಲ್ಲಿಯೇ ಕಾಯಿಲೆಗೆ ತುತ್ತಾದವರೂ ಇದ್ದಾರೆ.

ಇತಿಹಾಸ

ಜರ್ಮನಿಯ ಮನೋವೈದ್ಯ ಅಲೋಯಿಸ್ ಆಲ್ಝೈಮರ್ (1864–1915) 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಔಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಪರೀಕ್ಷಿಸಿದನು. ಆಕೆಗೆ ನೆನಪು ಕುಂದಿತ್ತು. ಪತಿಯ ಬಗ್ಗೆ ಕಾರಣವಿಲ್ಲದ ಸಂಶಯ ಮೂಡಿತ್ತು. ಸ್ಥಳ ಮತ್ತು ಕಾಲದ ಅರಿವು ತಪ್ಪಿತ್ತು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ನಂತರ ಆಲ್ಝೈಮರ್ ಆಕೆಯ ಮಿದುಳಿನ ತೆಳುವಾದ ಸೀಳುಗಳಿಗೆ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ನರಕೋಶಗಳ ಹೊರಗೆ ಚದುರಿದ ಗಟ್ಟಿ ಕಲೆಗಳೂ, ಕೋಶಗಳ ಒಳಗೆ ಹೆಣೆದುಕೊಂಡ ನಾರಿನ ಸಿಕ್ಕುಗಳೂ ಅವನಿಗೆ ಕಂಡವು. 1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವನು ಇದನ್ನು ವಿವರಿಸಿದನು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್‌ನ ಹೆಸರನ್ನಿಟ್ಟನು.

ಅನಂತರ ಹಲವು ದಶಕಗಳ ಕಾಲ ಇದನ್ನು ನಡುವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆಯೆಂದೇ ಭಾವಿಸಲಾಗಿತ್ತು. ವೃದ್ಧರ ಮರೆವನ್ನು ಮುಪ್ಪಿನ ಲೆಕ್ಕಕ್ಕೆ ಬಿಡಲಾಗುತ್ತಿತ್ತು. ವೃದ್ಧರ ಮಿದುಳಿನಲ್ಲಿಯೂ ಇದೇ ಕಲೆಗಳು ಮತ್ತು ಸಿಕ್ಕುಗಳು ಇರುವುದು 1960 ಮತ್ತು 1970ರ ದಶಕಗಳಲ್ಲಿ ಸ್ಪಷ್ಟವಾದ ಮೇಲೆ ಈ ಅಭಿಪ್ರಾಯ ಬದಲಾಯಿತು.

ಆರೋಗ್ಯವಂತ ಮಿದುಳಿನಲ್ಲಿ ನೆನಪು

ವಯಸ್ಕ ಮನುಷ್ಯನ ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುತ್ತದೆ. ದೇಹದ ತೂಕದ ಶೇಕಡ 2ರಷ್ಟು ಮಾತ್ರವಿದ್ದರೂ ವಿಶ್ರಾಂತ ಸ್ಥಿತಿಯಲ್ಲಿ ದೇಹವು ಬಳಸುವ ಶಕ್ತಿಯಲ್ಲಿ ಶೇಕಡ 20ರಷ್ಟನ್ನು ಅದೇ ಬಳಸುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶವು ಇನ್ನೊಂದಕ್ಕೆ ಸಂದೇಶ ಕಳುಹಿಸುವ ಸೂಕ್ಷ್ಮ ಸ್ಥಳವೇ ನರಸಂಧಿ. ಅಲ್ಲಿ ನರವಾಹಕ ಎಂಬ ರಾಸಾಯನಿಕ ವಸ್ತುಗಳು ಸಂದೇಶವನ್ನು ದಾಟಿಸುತ್ತವೆ.

ನೆನಪು ಎಂಬುದು ಒಂದು ಕೋಶದಲ್ಲಿ ಕೂಡಿಟ್ಟ ವಸ್ತುವಲ್ಲ. ಒಟ್ಟಿಗೆ ಕೆಲಸ ಮಾಡುವ ನರಕೋಶಗಳ ನಡುವಿನ ಸಂಧಿಗಳು ಬಲಗೊಳ್ಳುವುದರಿಂದ ನೆನಪು ಉಂಟಾಗುತ್ತದೆ. ಹೊಸ ಅನುಭವವನ್ನು ದಾಖಲಿಸಿಕೊಳ್ಳಲು ಕಪಾಲದ ಪಕ್ಕದಲ್ಲಿ, ಮಿದುಳಿನ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ ಅಗತ್ಯ. ಕಾಲ ಕಳೆದಂತೆ ನೆನಪುಗಳು ಮಿದುಳಿನ ಹೊರಪದರದ ವಿಶಾಲ ಜಾಲಗಳಲ್ಲಿ ನೆಲೆಗೊಳ್ಳುತ್ತವೆ. ಸೈಕಲ್ ತುಳಿಯುವುದು, ಹೂ ಕಟ್ಟುವುದು ಮುಂತಾದ ಕೈಗಾರಿಕೆಯ ನೆನಪುಗಳಿಗೆ ಬೇರೆಯೇ ಭಾಗಗಳು ಆಧಾರವಾಗಿವೆ.

ಆಲ್ಝೈಮರ್ ಕಾಯಿಲೆಯ ಪ್ರಕ್ರಿಯೆ

ಅಮೈಲಾಯ್ಡ್ ಸಂಚಯ

ನರಕೋಶಗಳ ಪೊರೆಯಲ್ಲಿ ಅಮೈಲಾಯ್ಡ್ ಪೂರ್ವರೂಪ ಪ್ರೋಟೀನ್ ಎಂಬ ಉದ್ದನೆಯ ಅಣುವಿರುತ್ತದೆ. ದೇಹದ ಕಿಣ್ವಗಳು ಅದನ್ನು ಸದಾ ಕತ್ತರಿಸುತ್ತಿರುತ್ತವೆ. ಆಲ್ಫಾ ಕಿಣ್ವವು ಕತ್ತರಿಸಿದಾಗ ಅಪಾಯವಿಲ್ಲದ ತುಂಡುಗಳು ಉಂಟಾಗುತ್ತವೆ. ಬೀಟಾ ಮತ್ತು ಗಾಮಾ ಎಂಬ ಎರಡು ಕಿಣ್ವಗಳು ಒಂದಾದ ಮೇಲೊಂದು ಕತ್ತರಿಸಿದಾಗ ಬೀಟಾ ಅಮೈಲಾಯ್ಡ್ ಎಂಬ ಸಣ್ಣ ತುಂಡು ಹೊರಬೀಳುತ್ತದೆ. ಇದರಲ್ಲಿ ಸಾಮಾನ್ಯವಾಗಿ 40 ಅಮೈನೋ ಆಮ್ಲಗಳಿರುತ್ತವೆ. ಕೆಲವೊಮ್ಮೆ 42 ಇರುತ್ತವೆ. ಎರಡೇ ಘಟಕಗಳ ಈ ವ್ಯತ್ಯಾಸ ಮಹತ್ವದ್ದು. 42 ಘಟಕಗಳ ತುಂಡು ಹೆಚ್ಚು ಅಂಟುವ ಗುಣವುಳ್ಳದ್ದು. ಅವು ಒಂದಕ್ಕೊಂದು ಅಂಟಿ ಗುಚ್ಛಗಳಾಗಿ, ನಾರುಗಳಾಗಿ, ಕೊನೆಗೆ ಆಲ್ಝೈಮರ್ ಕಂಡ ಗಟ್ಟಿ ಕಲೆಗಳಾಗುತ್ತವೆ.

ಬೀಟಾ ಅಮೈಲಾಯ್ಡ್ ಆರೋಗ್ಯವಂತರಲ್ಲಿಯೂ ಉಂಟಾಗುತ್ತದೆ. ಮಿದುಳು ಅದನ್ನು ಕಿಣ್ವಗಳಿಂದ ಕರಗಿಸುತ್ತದೆ, ರಕ್ತನಾಳಗಳ ಮೂಲಕ ಹೊರಹಾಕುತ್ತದೆ. ಕೆರೆಗೆ ನೀರಿನೊಡನೆ ಹೂಳು ಬರುವುದು ಸಹಜ. ಬರುವಷ್ಟನ್ನು ತೆಗೆಯದೆ ಹೋದರೆ ಕೆರೆ ತುಂಬುತ್ತದೆ. ಅದರಂತೆ ಉತ್ಪತ್ತಿ ಹಾಗೂ ವಿಲೇವಾರಿಗಳ ನಡುವಣ ಸಮತೋಲ ತಪ್ಪಿದಾಗ ಸಂಚಯ ಆರಂಭವಾಗುತ್ತದೆ. ಗಟ್ಟಿಯಾದ ಕಲೆಗಳಿಗಿಂತ, ಕಲೆಯಾಗುವ ಮೊದಲಿನ ಸಣ್ಣ ಗುಚ್ಛಗಳೇ ನರಸಂಧಿಗಳಿಗೆ ಹೆಚ್ಚು ಹಾನಿಕರವೆಂದು ಅನೇಕ ಸಂಶೋಧಕರ ಅಭಿಪ್ರಾಯ.

ಈ ಸಂಚಯವು ಮರೆವಿನ ಮೊದಲ ಲಕ್ಷಣ ಕಾಣುವುದಕ್ಕೆ 15ರಿಂದ 20 ವರ್ಷ ಮುಂಚೆಯೇ ಆರಂಭವಾಗಿರುತ್ತದೆ. 70ನೆಯ ವಯಸ್ಸಿನಲ್ಲಿ ಕಾಣಿಸಿಕೊಂಡ ಕಾಯಿಲೆಯ ಬೀಜ 50ರ ಸುಮಾರಿನಲ್ಲಿಯೇ ಬಿದ್ದಿರಬಹುದು.

ಟೌ ಪ್ರೋಟೀನಿನ ಸಿಕ್ಕುಗಳು

ನರಕೋಶದ ಉದ್ದನೆಯ ತಂತುವಿನೊಳಗೆ ಪೋಷಕಾಂಶಗಳನ್ನು ಸಾಗಿಸಲು ಅತಿ ಸೂಕ್ಷ್ಮ ನಳಿಕೆಗಳಿವೆ. ಅವು ರೈಲು ಹಳಿಗಳಂತೆ ಸಾಗಣೆಯ ಮಾರ್ಗಗಳು. ಹಳಿಗಳು ಅಲುಗದಂತೆ ಅಡಿಯಲ್ಲಿರುವ ಪಟ್ಟಿಗಳು ಹಿಡಿದಿಡುವ ಹಾಗೆ, ಈ ನಳಿಕೆಗಳನ್ನು ಸ್ಥಿರವಾಗಿಡಲು ಟೌ ಎಂಬ ಪ್ರೋಟೀನ್ ನೆರವಾಗುತ್ತದೆ. ಆಲ್ಝೈಮರ್ ಕಾಯಿಲೆಯಲ್ಲಿ ಟೌ ಅಣುಗಳಿಗೆ ಮಿತಿಮೀರಿ ಫಾಸ್ಫೇಟ್ ಗುಂಪುಗಳು ಅಂಟಿಕೊಳ್ಳುತ್ತವೆ. ಆಗ ಟೌ ನಳಿಕೆಯನ್ನು ಬಿಟ್ಟು ಕಳಚಿ, ತನ್ನಂತಹ ಇತರ ಅಣುಗಳೊಡನೆ ಹೆಣೆದುಕೊಂಡು ಸಿಕ್ಕಾಗುತ್ತದೆ. ಸಾಗಣೆ ಅಸ್ತವ್ಯಸ್ತವಾಗಿ ಕೋಶ ಸೊರಗುತ್ತದೆ, ಕೊನೆಗೆ ಸಾಯುತ್ತದೆ.

ವಿಕೃತ ಟೌ ಒಂದು ನರಕೋಶದಿಂದ ಅದರ ಸಂಪರ್ಕದಲ್ಲಿರುವ ಇನ್ನೊಂದಕ್ಕೆ ದಾಟಿ, ಅಲ್ಲಿನ ಸಹಜ ಟೌವನ್ನೂ ವಿಕೃತಗೊಳಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಇದು ಮಿದುಳಿನೊಳಗಿನ ಹರಡುವಿಕೆ ಮಾತ್ರ. ರೋಗಿಯನ್ನು ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಕಾಯಿಲೆ ಅಂಟುವುದಿಲ್ಲ.

ಹಾನಿ ಹರಡುವ ಕ್ರಮ

ಜರ್ಮನಿಯ ಹೈಕೊ ಬ್ರಾಕ್ ಮತ್ತು ಇವಾ ಬ್ರಾಕ್ ದಂಪತಿಗಳು 1991ರಲ್ಲಿ ಟೌ ಸಿಕ್ಕುಗಳು ಹರಡುವುದನ್ನು ಆರು ಹಂತಗಳಾಗಿ ವಿಂಗಡಿಸಿದರು. ಸಿಕ್ಕುಗಳು ಮೊದಲು ಹಿಪೊಕ್ಯಾಂಪಸ್‌ನ ಹೊಸ್ತಿಲಿನಂತಿರುವ ಭಾಗದಲ್ಲಿ ಕಾಣಿಸಿಕೊಂಡು, ಅನಂತರ ಹಿಪೊಕ್ಯಾಂಪಸ್ ಹಾಗೂ ಭಾವನೆಗಳಿಗೆ ಸಂಬಂಧಿಸಿದ ಭಾಗಗಳಿಗೂ, ಕೊನೆಗೆ ಹೊರಪದರದ ವಿಶಾಲ ಪ್ರದೇಶಗಳಿಗೂ ಹರಡುತ್ತವೆ. ದೃಷ್ಟಿ ಮತ್ತು ಚಲನೆಯನ್ನು ನೇರವಾಗಿ ನಿಯಂತ್ರಿಸುವ ಭಾಗಗಳು ಕಡೆಯವರೆಗೂ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.

ರೋಗಲಕ್ಷಣಗಳು ಈ ಕ್ರಮವನ್ನೇ ಅನುಸರಿಸುತ್ತವೆ. ಹಿಪೊಕ್ಯಾಂಪಸ್ ಮೊದಲು ಹಾನಿಗೊಳ್ಳುವುದರಿಂದ ಹೊಸ ಸಂಗತಿಗಳು ದಾಖಲಾಗುವುದಿಲ್ಲ. ಹಳೆಯ ನೆನಪುಗಳು ಉಳಿದಿರುತ್ತವೆ. ಬೆಳಗ್ಗೆ ತಿಂಡಿ ತಿಂದದ್ದು ನೆನಪಿರದ ಅಜ್ಜಿಯು ಬಾಲ್ಯದಲ್ಲಿ ಕಲಿತ ದೇವರನಾಮವನ್ನು ಪೂರ್ತಿಯಾಗಿ ಹಾಡಬಲ್ಲರು. ‘ಬೇಕಾದದ್ದು ಮಾತ್ರ ನೆನಪಿರುತ್ತದೆ’ ಎಂದು ಮನೆಯವರು ಆಕ್ಷೇಪಿಸುವುದುಂಟು. ಅಜ್ಜಿ ನಟಿಸುತ್ತಿಲ್ಲ, ತಿಂಡಿಯ ನೆನಪು ಅವರ ಮಿದುಳಿನಲ್ಲಿ ದಾಖಲಾಗಿಯೇ ಇಲ್ಲ. ಹಾನಿ ಮುಂದುವರಿದು ಭಾಷೆಯ ಭಾಗ ತಲುಪಿದಾಗ ಪದಗಳು ಸಿಗದಾಗುತ್ತವೆ. ಸ್ಥಳಜ್ಞಾನದ ಭಾಗ ತಲುಪಿದಾಗ ಸ್ವಂತ ಮನೆಯಲ್ಲಿಯೇ ಬಚ್ಚಲುಮನೆ ಎಲ್ಲಿದೆಯೆಂದು ತಿಳಿಯದಾಗುತ್ತದೆ. ಮುಂಭಾಗ ತಲುಪಿದಾಗ ಕೋಪವನ್ನು ತಡೆಯುವ ಶಕ್ತಿ ಕುಂದುತ್ತದೆ.

ನರಸಂಧಿ ಮತ್ತು ನರವಾಹಕಗಳ ನಷ್ಟ

ಬುದ್ಧಿಶಕ್ತಿಯ ಕುಸಿತದೊಡನೆ ಅಮೈಲಾಯ್ಡ್ ಕಲೆಗಳ ಸಂಖ್ಯೆಗಿಂತ ನರಸಂಧಿಗಳ ನಷ್ಟವೇ ಹೆಚ್ಚು ನಿಕಟವಾಗಿ ಹೊಂದುತ್ತದೆಂದು 1990ರ ದಶಕದ ಆರಂಭದಲ್ಲಿ ತಿಳಿದುಬಂದಿತು. ಗಮನ ಹಾಗೂ ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಕೊರತೆಯನ್ನು 1970ರ ದಶಕದಲ್ಲಿಯೇ ಗುರುತಿಸಲಾಗಿತ್ತು. ಮಿದುಳಿನ ತಳಭಾಗದಲ್ಲಿರುವ, ಈ ನರವಾಹಕವನ್ನು ಪೂರೈಸುವ ಕೋಶಗಳು ಕಾಯಿಲೆಯಲ್ಲಿ ಬೇಗ ನಶಿಸುತ್ತವೆ. ಇಂದು ಬಳಕೆಯಲ್ಲಿರುವ ಡೊನೆಪೆಜಿಲ್‌ನಂತಹ ಔಷಧಗಳು ಉಳಿದಿರುವ ಅಸಿಟೈಲ್‌ಕೋಲಿನ್ ಬೇಗನೆ ಒಡೆದುಹೋಗದಂತೆ ತಡೆಯುತ್ತವೆ. ಇವು ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸಬಲ್ಲವು. ಕೋಶಗಳ ಸಾವನ್ನು ತಡೆಯಲಾರವು.

ರಕ್ಷಕ ಕೋಶಗಳು ಮತ್ತು ಉರಿಯೂತ

ಮಿದುಳಿನಲ್ಲಿ ಮೈಕ್ರೊಗ್ಲಿಯಾ ಎಂಬ ರಕ್ಷಕ ಕೋಶಗಳಿವೆ. ಕಸವನ್ನು ನುಂಗಿ ತೆಗೆಯುವುದು ಅವುಗಳ ಕೆಲಸ. ಅಮೈಲಾಯ್ಡ್ ಕಲೆಗಳ ಸುತ್ತ ಅವು ಸೇರಿ ಅದನ್ನು ತಡೆಯಲು ಯತ್ನಿಸುತ್ತವೆ. ಈ ಹೋರಾಟ ವರ್ಷಗಟ್ಟಲೆ ನಡೆದಾಗ ಅವು ಬಿಡುಗಡೆ ಮಾಡುವ ಉರಿಯೂತಕಾರಕ ವಸ್ತುಗಳು ಆರೋಗ್ಯವಂತ ನರಸಂಧಿಗಳನ್ನೂ ನಾಶಮಾಡುತ್ತವೆ. ಮೈಕ್ರೊಗ್ಲಿಯಾಗಳ ಕೆಲಸಕ್ಕೆ ಸಂಬಂಧಿಸಿದ ವಂಶವಾಹಿಯೊಂದರ ಕೆಲವು ರೂಪಗಳು ಆಲ್ಝೈಮರ್ ಅಪಾಯವನ್ನು ಹೆಚ್ಚಿಸುತ್ತವೆಂದು 2013ರಲ್ಲಿ ಕಂಡುಬಂದದ್ದು ಈ ಪ್ರಕ್ರಿಯೆಯ ಮಹತ್ವವನ್ನು ದೃಢಪಡಿಸಿತು.

ವಂಶವಾಹಿಗಳ ಪಾತ್ರ

ಅಮೈಲಾಯ್ಡ್ ಪೂರ್ವರೂಪ ಪ್ರೋಟೀನಿನ ವಂಶವಾಹಿ 21ನೆಯ ವರ್ಣತಂತುವಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ವರ್ಣತಂತು ಎರಡರ ಬದಲು ಮೂರಿರುವುದರಿಂದ ಅಮೈಲಾಯ್ಡ್ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. 40ನೆಯ ವಯಸ್ಸಿನ ವೇಳೆಗೆ ಅವರಲ್ಲಿ ಬಹುತೇಕರ ಮಿದುಳಿನಲ್ಲಿ ಆಲ್ಝೈಮರ್ ಬದಲಾವಣೆಗಳು ಕಾಣುತ್ತವೆ. ಈ ವಂಶವಾಹಿಯಲ್ಲಿ ಅಥವಾ ಗಾಮಾ ಕಿಣ್ವದ ಭಾಗವಾದ ಪ್ರೆಸೆನಿಲಿನ್ ವಂಶವಾಹಿಗಳಲ್ಲಿ ಉಂಟಾಗುವ ಕೆಲವು ಉತ್ಪರಿವರ್ತನೆಗಳು ಚಿಕ್ಕ ವಯಸ್ಸಿನಲ್ಲಿಯೇ ಕಾಯಿಲೆಯನ್ನು ತರುತ್ತವೆ. ಅಂತಹ ಕುಟುಂಬಗಳು ಬಹಳ ವಿರಳ. ಒಟ್ಟು ಪ್ರಕರಣಗಳಲ್ಲಿ ಶೇಕಡ 1ರ ಆಸುಪಾಸು ಮಾತ್ರ.

ಸಾಮಾನ್ಯವಾಗಿ ಕಾಣುವ, ವೃದ್ಧಾಪ್ಯದ ಕಾಯಿಲೆಯಲ್ಲಿ ಅಪೊಲಿಪೊಪ್ರೋಟೀನ್ ಇ ಎಂಬ ವಂಶವಾಹಿಯ ನಾಲ್ಕನೆಯ ರೂಪವು ಪ್ರಮುಖ ಅಪಾಯಕಾರಿ ಅಂಶವೆಂದು 1993ರಲ್ಲಿ ತಿಳಿದುಬಂದಿತು. ಇದು ಕೊಬ್ಬಿನ ಸಾಗಣೆಗೆ ಸಂಬಂಧಿಸಿದ ಪ್ರೋಟೀನ್. ಅಮೈಲಾಯ್ಡ್ ವಿಲೇವಾರಿಯ ಮೇಲೂ ಪ್ರಭಾವ ಬೀರುತ್ತದೆ. ಈ ರೂಪವಿದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಇಲ್ಲದವರಿಗೆ ಬಾರದೆಂದೂ ಅಲ್ಲ. ತಂದೆಗೋ ತಾಯಿಗೋ ಕಾಯಿಲೆಯಿತ್ತೆಂಬ ಮಾತ್ರಕ್ಕೆ ಮಕ್ಕಳಿಗೂ ಬಂದೇ ಬರುತ್ತದೆಂದು ತಿಳಿಯಬಾರದು. ಇನ್ನೊಂದೆಡೆ, ಅಮೈಲಾಯ್ಡ್ ಉತ್ಪತ್ತಿಯನ್ನು ತಗ್ಗಿಸಿ ಕಾಯಿಲೆಯಿಂದ ರಕ್ಷಿಸುವ ಅಪರೂಪದ ಉತ್ಪರಿವರ್ತನೆಯೊಂದು ಐಸ್‌ಲ್ಯಾಂಡ್ ದೇಶದ ಜನರಲ್ಲಿ ಇರುವುದು 2012ರಲ್ಲಿ ವರದಿಯಾಯಿತು.

ಇತರ ವಿಧಗಳು

ರಕ್ತನಾಳ ಸಂಬಂಧಿ ಮರೆಗುಳಿತನ: ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡಾಗ ಅಥವಾ ಒಡೆದಾಗ ಆಮ್ಲಜನಕವಿಲ್ಲದೆ ಕೋಶಗಳು ಸಾಯುತ್ತವೆ. ಪಾರ್ಶ್ವವಾಯುವಿನ ಆಘಾತಗಳ ನಂತರ ಬುದ್ಧಿಶಕ್ತಿ ಮೆಟ್ಟಿಲು ಇಳಿದಂತೆ ಕುಸಿಯಬಹುದು. ದೀರ್ಘಕಾಲದ ರಕ್ತದೊತ್ತಡ ಮತ್ತು ಮಧುಮೇಹದಿಂದ ಅತಿ ಸಣ್ಣ ನಾಳಗಳು ಗಡುಸಾಗಿ, ಹೊರಗೆ ಯಾವ ಆಘಾತವೂ ಕಾಣದೆ ನಿಧಾನವಾಗಿಯೂ ಹಾನಿಯಾಗಬಹುದು.

ಲೂಯಿ ಕಾಯಗಳ ಮರೆಗುಳಿತನ: ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳ ಒಳಗೆ ಉಂಡೆಗಟ್ಟುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿಯೂ ಇದೇ ಉಂಡೆಗಳಿರುತ್ತವೆ. ಇಲ್ಲದ ಮನುಷ್ಯರು ಅಥವಾ ಪ್ರಾಣಿಗಳು ಕಾಣಿಸುವುದು, ದಿನದಿಂದ ದಿನಕ್ಕೆ ಎಚ್ಚರದಲ್ಲಿ ಏರಿಳಿತ, ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬೀಸುವುದು ಇದರ ಲಕ್ಷಣಗಳು. ಭ್ರಮೆಗಳಿಗೆ ಕೊಡುವ ಕೆಲವು ಮನೋರೋಗದ ಔಷಧಗಳು ಈ ರೋಗಿಗಳಿಗೆ ಗಂಭೀರ ಅಪಾಯ ತರುವುದರಿಂದ ಸರಿಯಾದ ರೋಗನಿರ್ಣಯ ಇಲ್ಲಿ ಅತಿ ಮುಖ್ಯ.

ಮುಂಭಾಗ–ಪಾರ್ಶ್ವಭಾಗದ ಮರೆಗುಳಿತನ: ಇದರಲ್ಲಿ ಟೌ ಅಥವಾ 2006ರಲ್ಲಿ ಗುರುತಿಸಲಾದ ಟಿಡಿಪಿ-43 ಎಂಬ ಪ್ರೋಟೀನ್ ಸಂಚಯವಾಗುತ್ತದೆ. ಹೆಚ್ಚಾಗಿ 45ರಿಂದ 65ರ ವಯಸ್ಸಿನವರಲ್ಲಿ ಕಾಣುತ್ತದೆ. ಆರಂಭದಲ್ಲಿ ನೆನಪು ಚೆನ್ನಾಗಿಯೇ ಇರಬಹುದು. ಆದರೆ ಸಂಕೋಚ, ಸಹಾನುಭೂತಿ, ಮರ್ಯಾದೆಯ ಪ್ರಜ್ಞೆ ಮಾಯವಾಗುತ್ತವೆ, ಇಲ್ಲವೇ ಮಾತು ಕುಂಠಿತವಾಗುತ್ತದೆ. ಆದ್ದರಿಂದ ಇದನ್ನು ಸ್ವಭಾವದೋಷವೆಂದು ತಪ್ಪಾಗಿ ತಿಳಿಯುವುದುಂಟು.

ಎಂಬತ್ತು ದಾಟಿದವರಲ್ಲಿ ಇವುಗಳಲ್ಲಿ ಎರಡು ಅಥವಾ ಹೆಚ್ಚು ಪ್ರಕ್ರಿಯೆಗಳು ಒಟ್ಟಿಗೆ ಇರುವುದೇ ಸಾಮಾನ್ಯ. ಇದನ್ನು ಮಿಶ್ರ ಮರೆಗುಳಿತನ ಎನ್ನುತ್ತಾರೆ.

ಸರಿಪಡಿಸಬಹುದಾದ ಕಾರಣಗಳು

ಮರೆವೆಲ್ಲವೂ ಕೋಶಗಳ ಸಾವಿನಿಂದ ಬಂದದ್ದಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಧಾನವಾಗಿ ಸೇರಿದ ರಕ್ತ, ಮಿದುಳಿನ ಕುಹರಗಳಲ್ಲಿ ದ್ರವದ ಶೇಖರಣೆ ಇವುಗಳಿಂದಲೂ ಮರೆಗುಳಿತನವನ್ನು ಹೋಲುವ ಸ್ಥಿತಿ ಉಂಟಾಗುತ್ತದೆ. ಬಿ12 ಸಹಜವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಲ್ಲಿ. ಆದ್ದರಿಂದ ಸಸ್ಯಾಹಾರಿ ವೃದ್ಧರಲ್ಲಿ ಅದರ ಕೊರತೆಯ ಸಾಧ್ಯತೆ ಹೆಚ್ಚು. ಇವನ್ನು ರಕ್ತಪರೀಕ್ಷೆ ಮತ್ತು ಮಿದುಳಿನ ಚಿತ್ರಣದಿಂದ ಪತ್ತೆಹಚ್ಚಬಹುದು. ಬೇಗ ಚಿಕಿತ್ಸೆ ದೊರೆತರೆ ಪೂರ್ತಿಯಾಗಿ ಅಥವಾ ಭಾಗಶಃ ಗುಣವಾಗಬಹುದು. ವಯಸ್ಸಿನ ಮರೆವೆಂದು ಸುಮ್ಮನಿರುವುದರಿಂದ ಆಗುವ ಅತಿ ದೊಡ್ಡ ನಷ್ಟ ಇದೇ.

ಮಿದುಳಿನ ಮೀಸಲು ಶಕ್ತಿ

ಮಿದುಳಿನಲ್ಲಿ ಸಮಾನ ಹಾನಿಯಿದ್ದ ಇಬ್ಬರಲ್ಲಿ ಒಬ್ಬರು ಲಕ್ಷಣಗಳಿಲ್ಲದೆ ಬಾಳುವುದುಂಟು. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರ ಮೇಲೆ ನಡೆದ ದೀರ್ಘಕಾಲದ ಅಧ್ಯಯನದಲ್ಲಿ, ಮರಣಾನಂತರ ಮಿದುಳಿನಲ್ಲಿ ಹೇರಳ ಕಲೆಗಳು ಮತ್ತು ಸಿಕ್ಕುಗಳು ಕಂಡರೂ ಬದುಕಿದ್ದಾಗ ಚುರುಕಾಗಿದ್ದವರಿದ್ದರು. ಶಿಕ್ಷಣ, ಓದು, ಜನಸಂಪರ್ಕಗಳಿಂದ ಮಿದುಳಿನಲ್ಲಿ ಪರ್ಯಾಯ ಮಾರ್ಗಗಳು ಬೆಳೆದಿರುವುದೇ ಇದಕ್ಕೆ ಕಾರಣವಿರಬಹುದೆಂಬುದು ಒಂದು ವಿವರಣೆ.

ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆಗುಳಿತನವು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡದ್ದು ಗಮನಾರ್ಹ. ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶವನ್ನು ನೀಡಿಲ್ಲ.

ಲ್ಯಾನ್ಸೆಟ್ ಆಯೋಗದ 2024ರ ವರದಿಯು ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿದೆ. ಕಡಿಮೆ ಶಿಕ್ಷಣ, ಕಿವುಡು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನ, ವಾಯುಮಾಲಿನ್ಯ ಇವುಗಳಲ್ಲಿ ಕೆಲವು. ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಆಯೋಗದ ಅಂದಾಜು.

ಪತ್ತೆ ಮತ್ತು ಚಿಕಿತ್ಸೆ

ಹಿಂದೆ ಮರಣೋತ್ತರ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತಿದ್ದ ಆಲ್ಝೈಮರ್ ಬದಲಾವಣೆಗಳನ್ನು ಈಗ ಪೆಟ್ ಸ್ಕ್ಯಾನ್ ಹಾಗೂ ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಬದುಕಿರುವಾಗಲೇ ಗುರುತಿಸಬಹುದು. ರಕ್ತದಲ್ಲಿನ ಟೌ ಅಂಶವನ್ನು ಅಳೆಯುವ ಪರೀಕ್ಷೆಗಳೂ ಬಳಕೆಗೆ ಬರುತ್ತಿವೆ.

ಅಮೈಲಾಯ್ಡ್ ಅನ್ನು ತೆಗೆದುಹಾಕುವ ಲೆಕಾನೆಮಾಬ್ ಎಂಬ ಪ್ರತಿಕಾಯ ಔಷಧಕ್ಕೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ಣ ಅನುಮತಿ ದೊರೆಯಿತು. ಆರಂಭದ ಹಂತದ ರೋಗಿಗಳಲ್ಲಿ 18 ತಿಂಗಳ ಅವಧಿಯಲ್ಲಿ ಅದು ಕುಸಿತದ ವೇಗವನ್ನು ಶೇಕಡ 27ರಷ್ಟು ತಗ್ಗಿಸಿತು. ಕೆಲವರಲ್ಲಿ ಮಿದುಳಿನ ಊತ ಮತ್ತು ರಕ್ತಸ್ರಾವ ಉಂಟಾಗುವುದರಿಂದ ನಿರಂತರ ನಿಗಾ ಬೇಕು. ಡೊನಾನೆಮಾಬ್ ಎಂಬ ಇನ್ನೊಂದು ಔಷಧಕ್ಕೆ 2024ರಲ್ಲಿ ಅನುಮತಿ ಸಿಕ್ಕಿತು. ಅಮೈಲಾಯ್ಡ್ ಬಹುಪಾಲು ಹೋದ ಮೇಲೂ ಕುಸಿತ ನಿಲ್ಲದೆ ನಿಧಾನವಾಗುವುದಷ್ಟೇ ಆದುದರಿಂದ, ಟೌ ಮತ್ತು ಉರಿಯೂತಗಳು ಆ ವೇಳೆಗೆ ಸ್ವತಂತ್ರವಾಗಿ ಮುಂದುವರಿಯುತ್ತಿರಬಹುದೆಂದು ಊಹಿಸಲಾಗಿದೆ. ಸತ್ತ ನರಕೋಶಗಳನ್ನು ಮರಳಿ ತರುವ ಔಷಧ ಇದುವರೆಗೆ ಇಲ್ಲ.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಸಂರಕ್ಷಿಸುವ ಮಿದುಳು ಬ್ಯಾಂಕ್ 1995ರಿಂದ ಕಾರ್ಯನಿರ್ವಹಿಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟವರನ್ನು ಹಲವು ವರ್ಷಗಳ ಕಾಲ ನಿಯತವಾಗಿ ಪರೀಕ್ಷಿಸುವ ಅಧ್ಯಯನ ನಡೆಸುತ್ತಿದೆ. ಕಾಯಿಲೆಯ ಬೇರು ನಡುವಯಸ್ಸಿನಲ್ಲಿದೆಯೆಂಬ ತಿಳಿವಳಿಕೆಯೇ ಇಂತಹ ದೀರ್ಘ ಅಧ್ಯಯನಗಳಿಗೆ ಆಧಾರ. ಈ ಬಗೆಯ ಹೆಚ್ಚಿನ ಮಾಹಿತಿ ಪಾಶ್ಚಾತ್ಯ ದೇಶಗಳಿಂದಲೇ ಬಂದಿರುವುದರಿಂದ, ಗ್ರಾಮೀಣ ಭಾರತದ ಜನರ ಅಧ್ಯಯನಕ್ಕೆ ವಿಶೇಷ ಮಹತ್ವವಿದೆ.

ಆರೈಕೆಯಲ್ಲಿ ಈ ತಿಳಿವಳಿಕೆಯ ಉಪಯೋಗ

ಹೊಸ ನೆನಪು ದಾಖಲಾಗದ ವ್ಯಕ್ತಿಗೆ ‘ಆಗಲೇ ಹೇಳಿದೆನಲ್ಲ’ ಎಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಅವರಿಗೆ ಆ ಪ್ರಶ್ನೆ ಪ್ರತಿಸಲವೂ ಹೊಸದು. ಘಟನೆ ಮರೆತುಹೋದ ನಂತರವೂ ಅದು ಉಂಟುಮಾಡಿದ ಸಂತೋಷ ಅಥವಾ ನೋವು ಉಳಿದಿರಬಲ್ಲದೆಂದು ಆಲ್ಝೈಮರ್ ರೋಗಿಗಳ ಅಧ್ಯಯನದಲ್ಲಿ ಕಂಡುಬಂದಿದೆ. ಯಾರು ಗದರಿಸಿದರೆಂಬುದು ಮರೆತರೂ ಅಂಜಿಕೆ ಮರೆಯದಿರಬಹುದು. ಆದ್ದರಿಂದ ವಾದಿಸದೆ ಶಾಂತವಾಗಿ ಉತ್ತರಿಸುವುದು, ವಸ್ತುಗಳನ್ನು ಹಳೆಯ ಜಾಗದಲ್ಲಿಯೇ ಇಡುವುದು, ದಿನಚರಿಯನ್ನು ಬದಲಿಸದಿರುವುದು, ಹೂ ಕಟ್ಟುವುದು, ಕಾಳು ಆರಿಸುವುದು, ಪರಿಚಿತ ಹಾಡು ಮುಂತಾದ ಉಳಿದ ಶಕ್ತಿಗಳಿಗೆ ಅವಕಾಶ ಕೊಡುವುದು ಆರೈಕೆಯ ಮುಖ್ಯ ಅಂಗಗಳು. ಒಬ್ಬರೇ ಆರೈಕೆ ಮಾಡುವ ಮನೆಗಳಲ್ಲಿ ಆರೈಕೆದಾರರ ಆರೋಗ್ಯವೂ ಕೆಡುವುದರಿಂದ ಈ ಹೊಣೆಯನ್ನು ಕುಟುಂಬದ ಇತರರು ಹಂಚಿಕೊಳ್ಳುವುದು ಅಗತ್ಯ.